ಟ್ಯಾಂಕಿನ ಎಡಗಡೆ ಬಣ್ಣ ಎದ್ದ ಜಾಗ

ಬೈಕು ಮನೆಗೆ ಬಂದ ಮೂರನೆಯ ಬೆಳಿಗ್ಗೆ ಅದನ್ನು ಒರೆಸುತ್ತಿದ್ದೆ. ಟ್ಯಾಂಕಿನ ಎಡಗಡೆ, ಕೆಳಗಿನ ಅಂಚಿನಲ್ಲಿ, ಬಣ್ಣ ಎದ್ದಿದ್ದ ಒಂದು ಜಾಗ ಹೆಬ್ಬೆರಳಿಗೆ ಸಿಕ್ಕಿತು. ಅರ್ಧ ಉದ್ದಿನಬೇಳೆಯಷ್ಟು. ನಿಂತು ನೋಡಿದರೆ ಕಾಣುವಂಥದ್ದಲ್ಲ, ಕೂತವರ ಕೈಗೆ ಮಾತ್ರ ಸಿಗುವಂಥದ್ದು. ಹೊಸ ಗಾಡಿಯಲ್ಲಿ ಹೀಗೆ ಕಂಡರೆ ಯಾರಿಗಾದರೂ ಸಿಟ್ಟು ಬರಬೇಕು. ನನಗೆ ಸಿಟ್ಟಿಗಿಂತ ಮೊದಲು ಪರಿಚಯದ ಭಾವನೆ ಬಂತು. ಈ ಜಾಗ ನನಗೆ ಗೊತ್ತು. ಇದೇ ಹೆಬ್ಬೆರಳು ಮೊದಲೂ ಒಂದು ಸಲ ಇಲ್ಲಿಗೆ ಬಂದಿದೆ.

ಎಲ್ಲಿ? ಯೋಚಿಸಿದಾಗ ಸಿಕ್ಕಿದ್ದು ಒಂದೇ ಉತ್ತರ. ಕುಂದಾಪುರದ ಶೋರೂಮಿನಲ್ಲಿ ಡೆಮೋ ಗಾಡಿ ಓಡಿಸಿ ನೋಡಿದ ದಿನ. ಅಂದರೆ ಹೊಸದೆಂದು ಹೇಳಿ ನನಗೆ ಡೆಮೋ ಗಾಡಿಯನ್ನೇ ಕೊಟ್ಟಿದ್ದಾರೆ.

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ದೊಡ್ಡ ಬೈಕು ತೆಗೆದುಕೊಳ್ಳುವ ಸುದ್ದಿ ಬಿಜೂರಿನಂಥ ಊರಿನಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ಕಾಯಿ ಕೊಯ್ಯಲು ಬಂದವರು ತೆಂಗಿನ ಮರದ ಮೇಲಿಂದಲೇ ಕೇಳಿದ್ದರು, "ಹ್ವಾಯ್, ಡೈರಿಯಿಂದ ಹಾಲ್ ತಪ್ಪುಕೆ ಅಷ್ಟ್ ದೊಡ್ಡ ಗಾಡಿ ಎಂತಕ್ಕೆ?" ಹೆಂಡತಿ ಇನ್ನೂ ನೇರ. "ಬಿಡುಕೆ ಬೇರೆ ಕೆಲ್ಸ ಇಲ್ಲೆ ಅಂದೇಳಿ ಗಾಡಿ ಬದಲ್ಸುದಾ?" ಅವಳ ಮಾತಿನಲ್ಲಿ ಸತ್ಯವಿತ್ತು. ನಾನು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿ, ಎರಡು ಕಾಲೇಜುಗಳಲ್ಲಿ ಪಾಠ ಮಾಡಿ, ಎರಡನ್ನೂ ಬಿಟ್ಟು ಬಂದವನು. ಈಗ ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡು ತಿದ್ದುತ್ತೇನೆ. ಒಂದು ಕಡೆ ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಹಳೆಯ ನೂರು ಸಿಸಿ ಬೈಕಿಗೆ ಹೆದ್ದಾರಿಯಲ್ಲಿ ಲಾರಿ ದಾಟಿ ಹೋದಾಗೆಲ್ಲ ಅಲುಗಾಡುವ ಚಾಳಿ. ನನಗೆ ಅಲುಗಾಡದ ಗಾಡಿಯೊಂದು ಬೇಕಿತ್ತು.

ಮೂರು ಗಾಡಿಗಳು ಮನಸ್ಸಿನಲ್ಲಿದ್ದವು. ಒಂದು ಎತ್ತರದ್ದು, ಕೂತರೆ ನನ್ನ ಕಾಲ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಇನ್ನೊಂದು ಭಾರದ್ದು, ನಮ್ಮ ಅಂಗಳದ ಇಳಿಜಾರಿನಲ್ಲಿ ಅದನ್ನು ಹಿಂದಕ್ಕೆ ದೂಡಲು ಇಬ್ಬರು ಬೇಕು. ಮೂರನೆಯದು ನಾನೂರು ಸಿಸಿಯದು, ಕಡುಹಸಿರು. ಅಭ್ಯಾಸಬಲದಿಂದ ಪಟ್ಟಿ ಮಾಡಿ ಅಂಕ ಹಾಕಿದೆ. ಗೆದ್ದದ್ದು ಭಾರದ ಗಾಡಿ. ಪಟ್ಟಿಯನ್ನು ಮಡಚಿಟ್ಟು ಹಸಿರಿನದನ್ನೇ ಆರಿಸಿದೆ. ಅದರ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲ ಮುಟ್ಟಿದ್ದವು. ಅದಕ್ಕಿಂತ ದೊಡ್ಡ ಕಾರಣ ನನ್ನಲ್ಲಿರಲಿಲ್ಲ.

ಮೊದಲ ಸಲ ಶೋರೂಮಿಗೆ ಹೋದದ್ದು ದಸರಾ ಕಳೆದ ಮೇಲೆ, ಒಬ್ಬನೇ. ಹೆಂಡತಿಗೆ ಹಲ್ಲು ತೋರಿಸಲು ಹೋಗುತ್ತೇನೆಂದು ಹೇಳಿದ್ದೆ. ಹಾಗಾಗಿ ಆ ದಿನಕ್ಕೆ ನನ್ನ ಕಡೆಯ ಸಾಕ್ಷಿ ಯಾರೂ ಇರಲಿಲ್ಲ. ಸುಳ್ಳು ಹೇಳಿ ಹೋದದ್ದರಿಂದ ಫೋಟೋ ಕೂಡ ತೆಗೆದಿರಲಿಲ್ಲ.

ಬಣ್ಣ ಎದ್ದದ್ದು ಕಂಡ ದಿನವೇ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕುಂದಾಪುರಕ್ಕೆ ಹೋದೆ. ಮ್ಯಾನೇಜರ್ ನಗುತ್ತಲೇ ಬಂದರು. ನಾನು ನೇರವಾಗಿ ಹೇಳಿದೆ, "ಇದು ನಾನು ಅವತ್ತು ಓಡಿಸಿ ನೋಡಿದ ಡೆಮೋ ಗಾಡಿ. ಈ ಗುರುತು ಅದರಲ್ಲಿತ್ತು."

"ಡೆಮೋ ಗಾಡಿ ಹೊರಗೇ ಉಂಟು ಸರ್. ಬನ್ನಿ, ನೋಡುವ."

ಹೊರಗೆ ನೆರಳಿನಲ್ಲಿ ಡೆಮೋ ಗಾಡಿ ನಿಂತಿತ್ತು, ತನ್ನದೇ ನಂಬರ್ ಪ್ಲೇಟಿನೊಂದಿಗೆ. ಅದೇ ಹಸಿರು. ಬಗ್ಗಿ ಟ್ಯಾಂಕಿನ ಎಡಗಡೆ ಬೆರಳಾಡಿಸಿದೆ. ಈ ತುದಿಯಿಂದ ಆ ತುದಿಯವರೆಗೆ ನುಣುಪು. ಇನ್ನೊಮ್ಮೆ ಆಡಿಸಿದೆ. ಮ್ಯಾನೇಜರ್ ಕಾದರು.

"ಹೊಸ ಗಾಡಿ ತಕೊಂಡವರಿಗೆ ಹೀಗೆ ಆಗುವುದುಂಟು ಸರ್. ನಿಮ್ಮದೇ ಕೀಲಿಕೈ ತಾಗಿರ್ಬೇಕು. ಮೊದಲೇ ಇತ್ತು ಅನ್ನಿಸ್ತದೆ, ಅಷ್ಟೇ. ಟಚಪ್ ಮಾಡಿಸಿ ಕೊಡ್ತೇನೆ."

ಹೆಂಡತಿಗೆ ಬೇರೆಯದೇ ಪ್ರಶ್ನೆ. "ನೀವ್ ಇಲ್ಲಿಗ್ ಮೊದ್ಲ್ ಬಂದದ್ದ್ ಯಾವಾಗ?"

"ಆ... ಹಲ್ಲು ತೋರಿಸಲು ಬಂದ ದಿನ."

"ಹಲ್ಲ್ ಇಲ್ಲಿ ತೋರ್ಸುದಾ?" ಎಂದು ಕೇಳಿ ಅವಳು ಶೋರೂಮಿನ ಗಾಜಿನ ಬಾಗಿಲನ್ನೇ ನೋಡಿದಳು. ಮ್ಯಾನೇಜರ್ ಮುಖ ತಿರುಗಿಸಿ ಕೆಮ್ಮಿದರು.

ಮೊದಲೇ ಇತ್ತು ಅನ್ನಿಸುತ್ತದೆ ಎಂದು ಮ್ಯಾನೇಜರ್ ಹೇಳಿದ್ದು ಅಸಾಧ್ಯದ ಮಾತೇನಲ್ಲ. ಅದನ್ನೇ ನಾನು ವರ್ಷಗಟ್ಟಲೆ ತರಗತಿಯಲ್ಲಿ ಪಾಠ ಮಾಡಿದ್ದೆ. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ, ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಬರೆಯುವ ಕರಡು. ಇವತ್ತು ಕಂಡದ್ದನ್ನು ನಿನ್ನೆಯೊಳಗೆ ಸೇರಿಸಿಬಿಡುತ್ತೇವೆ, ಸೇರಿಸಿದ್ದು ಗೊತ್ತೂ ಆಗುವುದಿಲ್ಲ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು, ನನಗೆ ಖುಷಿಯಾಗುತ್ತಿತ್ತು. ಅದು ನನ್ನ ಮೇಲೆಯೇ ಬಂದಾಗ ಖುಷಿಯಾಗಲಿಲ್ಲ.

ಕಾರಣ ನನ್ನ ತಂದೆ, ಅಪ್ಪಯ್ಯ. ಕೊನೆಯ ವರ್ಷಗಳಲ್ಲಿ ಅವರಿಗೆ ನಮ್ಮ ಯಾರ ಗುರುತೂ ಸಿಗುತ್ತಿರಲಿಲ್ಲ. ಅದು ಶುರುವಾದದ್ದು ಮರೆವಿನಿಂದಲ್ಲ, ಖಾತ್ರಿಯಿಂದ. ಒಂದು ಸಂಜೆ ಅವರು, ಎಷ್ಟೋ ವರ್ಷಗಳ ಹಿಂದೆ ಮಾರಿದ್ದ ಹಸುವನ್ನು ಈಗಷ್ಟೇ ಕೊಟ್ಟಿಗೆಯಲ್ಲಿ ಕಟ್ಟಿ ಬಂದೆ ಎಂದರು. ಹಗ್ಗ ಒರಟಾಗಿತ್ತು, ಕೈ ಉರಿಯುತ್ತಿದೆ ಎಂದು ಅಂಗೈ ತೋರಿಸಿದರು. ಖಾಲಿ ಕೊಟ್ಟಿಗೆ ತೋರಿಸಿದರೂ ಅವರಿಗೆ ಸಂಶಯ ಬರಲಿಲ್ಲ. ನಮ್ಮನ್ನೇ ಪಾಪ ಎಂಬಂತೆ ನೋಡಿದರು. ಡೆಮೋ ಗಾಡಿಯ ನುಣುಪು ಟ್ಯಾಂಕಿನ ಮೇಲೆ ಎರಡನೆಯ ಸಲ ಬೆರಳಾಡಿಸಿದಾಗ ನನಗೆ ಆ ಅಂಗೈ ಕಣ್ಣಿಗೆ ಬಂತು. ನನ್ನ ಹೆಬ್ಬೆರಳಿಗೂ ಅಷ್ಟೇ ಖಾತ್ರಿಯಿತ್ತು.

ಹೆಂಡತಿಗೆ ಇದನ್ನು ಹೇಳಲಿಲ್ಲ. ಆಮೇಲಿನ ಕೆಲವು ವಾರ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಂಡೆ. ನಿನ್ನೆ ಮಧ್ಯಾಹ್ನ ಏನು ಸಾರು? ನಾಗೂರಿನ ಅಂಗಡಿಯಲ್ಲಿ ಯಾರು ಸಿಕ್ಕಿದರು? ಉತ್ತರ ಸಿಕ್ಕಿದರೂ ಸಮಾಧಾನವಿಲ್ಲ, ಸರಿಯೋ ಅಲ್ಲವೋ ಎಂದು ಹೇಗೆ ಗೊತ್ತು? ಕರಡು ತಿದ್ದುವಾಗ ಒಂದೇ ಪುಟವನ್ನು ಮೂರು ಸಲ ನೋಡತೊಡಗಿದೆ. ಹೊಸ ಬೈಕು ಅಂಗಳದಲ್ಲಿ ನಿಂತಿರುತ್ತಿತ್ತು. ಓಡಿಸಬೇಕೆಂಬ ಆಸೆ ಅರ್ಧ ಇಳಿದಿತ್ತು.

ಆ ನಡುವೆ ಹೆಂಡತಿ ಪೂಜೆಯ ಮಾತು ತೆಗೆದಳು. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಆದರೆ ಹಲ್ಲಿನ ವಿಷಯ ಬಯಲಾದ ಮೇಲೆ ಇಲ್ಲ ಎನ್ನುವ ಹಕ್ಕು ನನಗಿರಲಿಲ್ಲ. ಊರಿನ ಗಣಪತಿ ಗುಡಿಯ ಎದುರು ಗಾಡಿ ನಿಲ್ಲಿಸಿದೆವು. ಭಟ್ಟರು ಹೆಡ್‌ಲೈಟಿಗೆ ಕುಂಕುಮ ಹಚ್ಚಲು ಬಗ್ಗಿದವರು ಹಾಗೆಯೇ ನಿಂತರು.

"ಹ್ವಾಯ್, ಇದ್ಕೆ ಒಂದ್ ಸಲ ಪೂಜೆ ಆಯ್ತಲ್ದಾ?"

"ಇಲ್ಲ, ಇವತ್ತೇ ಮೊದಲು."

"ಮತ್ತೆ ಇದೆಂತ ಕಾಣಿ." ಹೆಡ್‌ಲೈಟಿನ ಕೆಳಗಿನ ಸಂದಿಗೆ ಬೆರಳು ತೂರಿಸಿ ತೆಗೆದರು. ಉಗುರಿನಲ್ಲಿ ಒಣಗಿ ಕಪ್ಪಾದ ಕುಂಕುಮ, ಜೊತೆಗೆ ಬಾಳೆನಾರಿನ ತುಂಡು, ಅದರಲ್ಲಿ ಸುರುಟಿದ ಒಂದು ಅಬ್ಬಲಿಗೆ ಹೂ. "ಶೋರೂಮಿನವ್ರ್ ತೊಳ್ದದ್ದ್ ಸಾಕಾಯ್ಲಿಲ್ಲೆ," ಎಂದು ನಕ್ಕು ಪೂಜೆ ಮುಂದುವರಿಸಿದರು.

ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿದೆ. ಅವರು ತಡವರಿಸಲೇ ಇಲ್ಲ. "ಆಯುಧಪೂಜೆ ದಿನ ಶೋರೂಮಿನಲ್ಲಿ ಇದ್ದ ಎಲ್ಲ ಗಾಡಿಗೂ ಕುಂಕುಮ ಹಚ್ತೇವೆ, ಹೂ ಹಾಕ್ತೇವೆ ಸರ್." ಇದೂ ಸರಿಯೇ. ಈ ಕಡೆ ಅಕ್ಕಿ ಗಿರಣಿಗೂ ಹೊಲಿಗೆ ಯಂತ್ರಕ್ಕೂ ಕುಂಕುಮ ಬೀಳುವ ದಿನ ಅದು. ಶೋರೂಮಿನ ಗಾಡಿಗೆ ಬೀಳದೆ ಇರುತ್ತದೆಯೇ? ನಾನು ಫೋನ್ ಇಟ್ಟೆ. ನನ್ನ ಬಳಿ ಉಳಿದದ್ದು ಮತ್ತೆ ಹೆಬ್ಬೆರಳು ಮಾತ್ರ.

ಮೊದಲ ಸರ್ವಿಸ್ ಬ್ರಹ್ಮಾವರದ ವರ್ಕ್‌ಶಾಪಿನಲ್ಲಿ. ಅದೂ ಶೋರೂಮಿನವರದ್ದೇ. ನಮ್ಮಲ್ಲಿಂದ ದೂರವಾದರೂ ಕುಂದಾಪುರದಲ್ಲಿ ದಿನಾಂಕ ಸಿಕ್ಕಿರಲಿಲ್ಲ. ನರೆತ ಗಡ್ಡದ ಹಿರಿಯ ಮೆಕ್ಯಾನಿಕ್ ಒಬ್ಬರು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಸುತ್ತ ಒಂದು ಸುತ್ತು ಬಂದು, ಎಡಗಡೆ ಬಗ್ಗಿ ನೋಡಿದರು.

"ಇದ್ ಕೆರಾಡಿ ಗಾಡಿ ಅಲ್ದಾ?"

"ಅಲ್ಲ, ಬಿಜೂರಿನದ್ದು."

"ಈಗ ಬಿಜೂರಿದ್ದೇ, ಸರಿ. ಅದ್ಕೂ ಮುಂಚೆ ಕೆರಾಡಿಗ್ ಹೋಯಿ ಬಂದಿತ್ತಲೆ ಮಾರಾಯ್ರೆ! ಈ ಗುರ್ತ್ ಕಾಣಿ. ಕಾಯಿ ಒಡ್ದಾಗ ಚಿಪ್ಪಿನ ಚೂರ್ ಹಾರಿ ಬಡ್ದದ್ದ್. ಟಚಪ್ ಮಾಡುಕೆ ಅಂದೇಳಿ ಇಲ್ಲಿಗ್ ಕಳ್ಸಿದ್ರ್. ಈ ಹಸ್ರ್ ಬಣ್ಣ ಇಲ್ಲೆ ಅಂದೆ. ವಾಪಸ್ ತಕಂಡ್ ಹೋಯಿ ಶೋರೂಮಲ್ಲ್ ಕಂಬದ ಬದಿಗೆ ನಿಲ್ಸಿದ್ರ್."

ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವರು ಎಣ್ಣೆ ಇಳಿಸುತ್ತ ಉಳಿದದ್ದನ್ನೂ ಹೇಳಿದರು. ಕೆರಾಡಿಯ ಒಬ್ಬರು ಈ ಗಾಡಿ ಬುಕ್ ಮಾಡಿದ್ದರು. ವಿಜಯದಶಮಿಗೆ ಮನೆಯಲ್ಲಿ ಪೂಜೆಯಾಗಲೇಬೇಕು, ಆದರೆ ನೋಂದಣಿ ಆಗಿಲ್ಲ, ರಸ್ತೆಗೆ ಇಳಿಸುವಂತಿಲ್ಲ. ಪಿಕಪ್‌ನಲ್ಲಿ ಹಾಕಿ ಶೋರೂಮಿನವರು ಕಳಿಸಿದರು. ಆರತಿ ಆಯಿತು, ಕಾಯಿ ಒಡೆದರು, ಪಾಯಸವೂ ಆಯಿತು. ಆಮೇಲೆ ಬುಕ್ ಮಾಡಿದವರು ಅಂಗಳದಲ್ಲೇ ಗಾಡಿ ಹತ್ತಿ ಕೂತಾಗ ಒಂದು ಬದಿಗೆ ವಾಲಿತು, ನಾಲ್ಕು ಜನ ಹಿಡಿದುಕೊಂಡರು. ನೋಡಿದ ಅವರ ತಾಯಿ ಇದು ಮನೆಯಲ್ಲಿದ್ದರೆ ತಾನು ಊಟ ಮಾಡುವುದಿಲ್ಲ ಎಂದು ಕೂತುಬಿಟ್ಟರು. ಮೂರನೆಯ ದಿನ ಪಿಕಪ್ ಗಾಡಿಯನ್ನು ಹೊತ್ತು ಹಿಂದಕ್ಕೆ ಬಂತು. ಮೀಟರ್ ಒಂದು ಕಿಲೋಮೀಟರೂ ಓಡಿರಲಿಲ್ಲ.

"ಗಾಡಿಗ್ ಎಂತ ಆಯ್ಲಿಲ್ಲೆ, ಹೊಸ್ದೇ. ಹೆದ್ರಬೇಡಿ," ಎಂದರು ಮೆಕ್ಯಾನಿಕ್. ಅವರು ನನ್ನ ಮುಖ ನೋಡಿ ಗಾಡಿಯ ಚಿಂತೆ ಎಂದುಕೊಂಡಿರಬೇಕು.

ಶೋರೂಮಿನ ಆ ಕಂಬ ಈಗ ನನಗೆ ಕಾಣುತ್ತಿತ್ತು. ಅದರ ಬದಿಯ ಗಾಡಿಯ ಮೇಲೆ ನಾನು ಕೂತದ್ದು, ಎರಡೂ ಪಾದ ನೆಲಕ್ಕೆ ತಾಗಿದ್ದು, ಎಡಗೈ ಟ್ಯಾಂಕಿನ ಕೆಳಗೆ ಇಳಿದದ್ದು. ಆದರೆ ಇದು ನೆನಪೋ, ಈ ಮನುಷ್ಯ ಕಂಬ ಎಂದದ್ದಕ್ಕೆ ಈಗಷ್ಟೇ ಕಟ್ಟಿಕೊಂಡದ್ದೋ? ಹಾಗಾಗಿ ಹಿಂದಿರುಗುವಾಗ ಕುಂದಾಪುರದಲ್ಲಿ ಗಾಡಿ ನಿಲ್ಲಿಸಿ ಒಳಗೆ ಹೋದವನು ಕಂಬದ ಹೆಸರೆತ್ತಲಿಲ್ಲ, ಕೆರಾಡಿಯ ಹೆಸರೂ ಎತ್ತಲಿಲ್ಲ. ಸಾಕ್ಷಿಯ ಬಾಯಿಗೆ ಉತ್ತರ ತುರುಕಬಾರದೆಂದು ಕಲಿತದ್ದು ಒಮ್ಮೆಯಾದರೂ ಉಪಯೋಗಕ್ಕೆ ಬರಲಿ ಎಂದುಕೊಂಡೆ.

"ನಾನು ಮೊದಲ ಸಲ ಬಂದ ದಿನ ಏನೇನಾಯಿತು? ನಿಮಗೆ ನೆನಪಿದ್ದಷ್ಟು ಹೇಳಿ."

ಮ್ಯಾನೇಜರಿಗೆ ಇದು ವಿಚಿತ್ರವೆನಿಸಿರಬೇಕು. "ಎಂತ ಆಯ್ತು ಅಂದ್ರೆ... ನೀವು ಬಂದ್ರಿ. ಡೆಮೋ ಗಾಡಿಯ ಕೀಲಿ ಸಿಗ್ಲಿಲ್ಲ, ವಾಷಿಂಗಿಗೆ ಹೋದವರ ಕಿಸೆಯಲ್ಲಿ ಇತ್ತು. ನಾನು ತರುವವರೆಗೆ ನೀವು ಅಗೋ, ಅಲ್ಲಿ ಕಂಬದ ಹತ್ತಿರ ಇದ್ದ ಗಾಡಿ ಮೇಲೆ ಕೂತಿದ್ರಿ. ಇಳೀಲಿಕ್ಕೇ ಮನಸ್ಸಿರ್ಲಿಲ್ಲ ನಿಮಗೆ."

ನನಗೆ ನಗು ಬಂತು. ತಡೆಯಲು ಹೋದರೆ ಕಣ್ಣಲ್ಲಿ ನೀರು ಬಂತು. ಹೆಬ್ಬೆರಳು ಸುಳ್ಳು ಹೇಳಿರಲಿಲ್ಲ. ಮುಟ್ಟಿದ್ದು ನಿಜ, ಗುರುತು ನಿಜ, ಶೋರೂಮೂ ನಿಜ. ನಾನು ತಪ್ಪಿದ್ದು ಎರಡು ಹಸಿರು ಗಾಡಿಗಳಲ್ಲಿ ಯಾವುದು ಎಂಬಷ್ಟರಲ್ಲಿ. ನಿಜವಾಗಿ ಇದ್ದ ಹಸುವನ್ನೇ ಕಟ್ಟಿದ್ದೆ, ಕೊಟ್ಟಿಗೆ ಮಾತ್ರ ಪಕ್ಕದ್ದು.

ಆಮೇಲೆ ಕೆರಾಡಿಯ ವಿಷಯ ತೆಗೆದೆ. ಮ್ಯಾನೇಜರ್ ಬಿಳಿಚಿಕೊಂಡರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಹೇಳ್ಬೇಕಿತ್ತು ಸರ್. ವಾಪಸ್ ಬಂದದ್ದು ಅಂದ್ರೆ ಯಾರೂ ತಕೊಳ್ಳುವುದಿಲ್ಲ ಅಂತ ಹೆದರಿದೆ. ನೀವು ಗ್ರಾಹಕರ ಕೋರ್ಟಿಗೆ ಹೋಗ್ತೀರಾ?"

"ಇಲ್ಲ."

"ಬೇರೆ ಗಾಡಿ ಕೊಡುವಾ? ಮುಂದಿನ ಲೋಡಿನಲ್ಲಿ ಬರ್ತದೆ. ಇಲ್ಲದಿದ್ರೆ ಹೊಸ ಟ್ಯಾಂಕ್ ಹಾಕಿಸ್ತೇನೆ."

"ಮನೆಯಲ್ಲಿ ಕೇಳಿ ಹೇಳ್ತೇನೆ. ಈಗ ನನಗೆ ಒಂದು ಕಾಗದ ಬೇಕು. ನಾನು ಬಂದ ದಿನ ಈ ಗಾಡಿ ಒಳಗೆ ಕಂಬದ ಹತ್ತಿರ ನಿಂತಿತ್ತು, ಟ್ಯಾಂಕಿನ ಎಡಗಡೆ ಅವತ್ತೇ ಬಣ್ಣ ಎದ್ದಿತ್ತು, ನಾನು ಅದರ ಮೇಲೆ ಕೂತಿದ್ದೆ. ಇಷ್ಟು ಬರೆದು ಸೀಲ್ ಹಾಕಿ ಕೊಡಿ."

"ಅಷ್ಟೇಯಾ?"

"ಅಷ್ಟೇ."

ಅವರು ಎರಡು ಸಲ ಬರೆದು ಹರಿದು, ಮೂರನೆಯ ಸಲ ಸರಿಯಾಗಿ ಬರೆದರು. ಇದರಲ್ಲಿ ಏನು ಉಪಾಯವಿದೆ ಎಂದು ಅವರಿಗೆ ಕೊನೆಗೂ ಹೊಳೆಯಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅಪ್ಪಯ್ಯನ ಹಸುವಿನ ವಿಷಯವನ್ನೂ. ಅವಳು, "ಅದ್ಕೇ ದಿನಾ ನಂಗೆ ನಿನ್ನೆ ಸಾರೆಂತ ಅಂದೇಳಿ ಕೇಂತಿದ್ರಿಯಾ? ಅಡ್ಗಿ ಸರಿ ಆಯ್ಲಿಲ್ಲೆ ಅಂದೇಳಿ ಎಣ್ಸಿದ್ದೆ ನಾನ್," ಎಂದಳು. ಬೇರೆ ಗಾಡಿಯ ಪ್ರಶ್ನೆಯನ್ನು ಅವಳೇ ಮುಗಿಸಿದಳು. "ಇದ್ಕೆ ಎರ್ಡ್ ಸಲ ಪೂಜೆ ಆಯ್ತ್. ಬದಲ್ಸುದೆಂತಕ್ಕೆ?"

ಒಂದು ನೆನಪು ಸರಿಯಾಗಿತ್ತೆಂದರೆ ಉಳಿದವೆಲ್ಲ ಸರಿ ಎಂದು ಅರ್ಥವಲ್ಲ. ಇದು ನನಗೆ ಗೊತ್ತು. ಆದರೂ ಅವತ್ತು ರಾಶಿ ಬಿದ್ದಿದ್ದ ಕರಡನ್ನು ಒಂದೊಂದೇ ಸಲ ಓದಿ ಮುಗಿಸಿದೆ.

ಮರುವಾರ ಇಬ್ಬರೂ ಕೊಲ್ಲೂರಿಗೆ ಹೊರಟೆವು. ಬೈಂದೂರಿನಲ್ಲಿ ಕೊಲ್ಲೂರು ರಸ್ತೆಗೆ ತಿರುಗುವಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ದಾಖಲೆಯ ಕವರ್ ಕೊಟ್ಟೆ. ಮೇಲೆಯೇ ಇದ್ದ ಆ ಕಾಗದವನ್ನು ಅವರು ಬಿಡಿಸಿ, ಸೀಲ್ ಸಮೇತ ಪೂರ್ತಿ ಓದಿ, ಇನ್ನೊಮ್ಮೆ ಓದಿ, ನನ್ನನ್ನು ನೋಡಿದರು.

"ಇದೆಂತದ್ದು?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಹೆಂಡತಿ ಹೇಳಿದಳು, "ಅದ್ ಗಾಡಿದಲ್ಲ ಸರ್, ಇವ್ರದ್ದ್. ಗಾಡಿದ್ ಅದ್ರ ಕೆಳ್ಗ್ ಇತ್ತ್."

ಅವರು ಕೆಳಗಿನದನ್ನು ನೋಡಿ, ಎಲ್ಲವನ್ನೂ ಮಡಚಿ ಕೊಟ್ಟರು. ಕಾಡು ಶುರುವಾಗುವವರೆಗೂ ಅವಳು ಹಿಂದೆ ಕೂತು ನಗುತ್ತಿದ್ದಳು. ಲಾರಿಯೊಂದು ಎದುರಿನಿಂದ ರಭಸದಲ್ಲಿ ದಾಟಿ ಹೋಯಿತು. ಗಾಡಿ ಅಲುಗಾಡಲಿಲ್ಲ.