ಸಾಹೇಬನ ಪಾರ್ಟಿನ ಲಗಮಪ್ಪ

ನಮ್ಮೂರ ನಾಟಕದಲ್ಲಿ ಇಂಗ್ರೇಜಿ ಸಾಹೇಬನ ಪಾರ್ಟು ಅಂದರೆ ಲಗಮಪ್ಪಂದೇ. ಎತ್ತರದ ಆಳು, ಬೆಕ್ಕಿನ ಕಣ್ಣು; ಬ್ಯಾರೆ ಯಾರಿಗೆ ಒಪ್ಪಬೇಕು? ಮೊದಲನೇ ಸೀನಿನಲ್ಲಿ ಅವನು ಬರೇ ಪಲಟಣಿನ ಕ್ಯಾಪ್ಟನ್. ಬೇಡರ ಬಂಡಾಯ ಮುರಿದು, ನಾಯಕನನ್ನು ಗಲ್ಲಿಗೇರಿಸಿ, ಬಡ್ತಿ ಮೇಲೆ ಬಡ್ತಿ ತಗೊಂಡು ಕಡೇ ಸೀನಿನಲ್ಲಿ ಗವರ್ನರ ಆಗಿ ಕುರ್ಚಿ ಮೇಲೆ ಕೂಡುತ್ತಾನೆ. ಆ ನಾಯಕನ ಪಾರ್ಟು ನಂದು.

ನಮ್ಮ ಕಡೆ ಪಾರ್ಟು ಮನಸ್ಸಿಗೆ ಬಂದರೆ ಜನ ಆಟದ ನಡುವೆಯೇ ಸ್ಟೇಜು ಹತ್ತಿ ಟಾವೆಲ್ಲು, ಕಾಯಿ ಉಡುಗೊರೆ ಕೊಟ್ಟು ಆಯೇರಿ ಮಾಡುತ್ತಾರೆ. ಯಾರು ಯಾರಿಗೆ ಕೊಟ್ಟರು ಅಂತ ಮೈಕಿನಲ್ಲಿ ಕೂಗುತ್ತಾರೆ. ನನಗೆ ಗಲ್ಲಾದ ಮೇಲೂ ಆಯೇರಿ ಬರುತ್ತಿತ್ತು, ಸತ್ತವನು ಎದ್ದು ಇಸಕೊಳ್ಳುತ್ತಿದ್ದೆ. ಲಗಮಪ್ಪನಿಗೆ ಬರುತ್ತಿದ್ದದ್ದು ಚಪ್ಪಲಿ. ಮುಂದಿನ ಸಾಲಿನ ಸಾವಕ್ಕ ಮುದುಕಿಯ ಗುರಿಯಂತೂ ತಪ್ಪುತ್ತಿರಲಿಲ್ಲ.

ಆಲಮಟ್ಟಿ ಹಿನ್ನೀರು ಬರುತ್ತದೆ, ಊರು ಬಿಡಬೇಕು ಅಂತಾದ ಬ್ಯಾಸಗಿ. ಹಳೇ ಊರಿನ ಕಡೇ ಆಟ. ಕರೆಂಟಿನ ತಂತಿ ಆಗಲೇ ಬಿಚ್ಚಿಕೊಂಡು ಹೋಗಿದ್ದರು, ಹಂಗಾಗಿ ಹಗಲಲ್ಲೇ ಆಟ, ಬ್ಯಾಟರಿ ಮೈಕು.

ಹಿಂದಿನ ದಿನ ಲಗಮಪ್ಪ ಬಂದ. "ಒಂದ್ ಸಲ ನಾಯಕನ ಪಾರ್ಟು ನನಗ ಕೊಡೋ. ಈ ಊರು ಮುಳುಗೂದ್ರಾಗ ನನಗೂ ಒಂದ್ ಆಯೇರಿ ಆಗ್ಲಿ."

"ಬೆಕ್ಕಿನ ಕಣ್ಣ ಇಟಗೊಂಡು ನಾಯಕ ಆಗ್ತಿಯೇನ್ಲೇ? ನಡಿ ಸುಮ್ನ!" ಅಂದೆ.

ಕಡೇ ಸೀನು ಬಂತು. ಗವರ್ನರ ಮೀಸೆ ತಿರುವಿ, "ಯಾರ ಅರ್ಜಿ ಏನಿದ್ದರೂ ಹೇಳಿರಿ!" ಅಂದ. ಅದು ನಾಟಕದ ಮಾತೇ. ಆದರೆ ಸ್ಟೇಜು ಹತ್ತಿದವಳು ಸಾವಕ್ಕ. ಕೈ ಮುಗಿದಳು.

"ಸಾಹೇಬ್ರ, ಹೊಸ ಊರಾಗ ನನ್ನ ಪ್ಲಾಟು ಆ ತುದೀಗೆ ಹಾಕ್ಯಾರ. ನಾ ಹುಟ್ಟಾ ಬಾಜೂ ಮನಿ ಲಕ್ಷ್ಮವ್ವನ ಸಂಗಾಟ ಇದ್ದಾಕಿ. ಕಣ್ಣ ಕಾಣೂದಿಲ್ಲ. ಆಕಿ ಹತ್ರ ಹಾಕಿ ಕೊಡ್ರಿ."

"ಚಪ್ಪಲಿ ಒಗಿಯಾಕ ಕಾಣ್ತಾವಲ್ಲ ಬೇ!" ಅಂತ ಯಾರೋ ಕೂಗಿದರು. ಜನ ಬಿದ್ದು ಬಿದ್ದು ನಕ್ಕರು.

ಮುದುಕಿಯ ಕಂಕುಳಲ್ಲಿ ಹೊಸ ಟಾವೆಲ್ಲಿತ್ತು. ಅದು ಲಗಮಪ್ಪನ ಕಣ್ಣಿಗೂ ಬಿತ್ತು. "ಮಂಜೂರ ಅನ್ನೋ!" ಅಂತ ನಾನು ಪರದೆ ಹಿಂದಿನಿಂದ ಕೂಗಿದೆ. ಒಂದು ಮಾತು ಅಂದಿದ್ದರೆ ಆಯೇರಿ ಅವನದು. ಆಟದ ಮಾತಿಗೆ ಯಾರು ಕೋರ್ಟಿಗೆ ಹೋಗುತ್ತಾರೆ?

ಅವನು ಟೋಪಿ ತೆಗೆದ. "ಸಾವಕ್ಕಾ, ನನ್ನ ಕಡೆ ಸರಕಾರದ ಖರೇ ಸಿಕ್ಕಾ ಇಲ್ಲ ಬೇ. ಸೋಮವಾರ ನನ್ನ ಸಂಗಾಟ ಬೀಳಗಿ ಕಚೇರಿಗೆ ಬಾ, ಕೇಳೂಣು. ಟಾವೆಲ್ ಒಳಗಿಡು."

ಸೋಮವಾರ ಹೋದರು. ಆಮೇಲೂ ಹೋದರು. ಮಂದಿಗೆ ಗಲ್ಲು ಕೊಡುತ್ತಿದ್ದ ಗವರ್ನರ ಕಚೇರಿ ಬಾಗಿಲಲ್ಲಿ "ಸರ, ಸರ" ಅನ್ನುತ್ತ ನಿಂತ. ಯಾರಾದರೂ ಬದಲಿ ಪ್ಲಾಟು ಕೊಟ್ಟರೆ ಆಗುತ್ತದೆ ಅಂದರು ಕಚೇರಿಯವರು. ಲಕ್ಷ್ಮವ್ವನ ಎರಡೂ ಬಾಜೂದವರು ಒಪ್ಪಲಿಲ್ಲ. ಎದುರಿನ ಪ್ಲಾಟು ಲಗಮಪ್ಪಂದು. ಅದನ್ನು ಕೊಟ್ಟು ತಾನು ಆ ತುದಿಗೆ ಹೋದ.

"ಕುರ್ಚಿ ಮ್ಯಾಲಿನ ಸಾಹೇಬನೇ ಛಲೋ ಇದ್ದ," ಅಂದಳು ಹೆಂಡತಿ ಕರೆವ್ವ. "ಜಾಗಾರ ಉಳೀತಿತ್ತು."

ತನ್ನ ಹೊಸ ಮನೆಯ ಪಾಯದ ಕಲ್ಲಿನ ಮೇಲೆ ನಿಂತು ಸಾವಕ್ಕ ಆ ಟಾವೆಲ್ಲು ಅವನ ಹೆಗಲಿಗೆ ಹಾಕಿದಳು. ಅವನು ನನ್ನ ಕಡೆ ತಿರುಗಿ, "ಕೂಗಾವ್ರು ಯಾರ್ಲೇ?" ಅಂದ.

ಮೈಕೆಲ್ಲಿ ಬರಬೇಕು? ಬಾಯಿಗೆ ಎರಡೂ ಕೈ ಹಿಡಿದು ಒದರಿದೆ: "ಸಾವಕ್ಕನಿಂದ ಲಗಮಪ್ಪಗ ಒಂದು ಟಾವೆಲ್ಲು ಆಯೇರಿ!"

"ಇನ್ನೊಮ್ಮೆ," ಅಂದ.