ಹುರುಳಿ ಹಾಸಿದ ರಸ್ತೆಯಲ್ಲಿ

ಇದನ್ನು ನಂಬದೆ ಇರಿ ನೋಡೋಣ! ಅರವತ್ತು ದಾಟಿದ ಮೇಲೆ ಮೂರೇ ದಿನದಲ್ಲಿ ಮೋಟಾರ್‌ಸೈಕಲ್ ಕಲಿತ ಶೂರ ನಾನು. ತುರುವೇಕೆರೆಯಿಂದ ತಿಪಟೂರಿಗೆ ಹೊರಟಿದ್ದೆ. ಕಲಿಸಿಕೊಟ್ಟ ಮೆಕ್ಯಾನಿಕ್ ಬಶೀರ, ನನ್ನ ಓರಗೆಯವನೇ, ಹಿಂದೆ ಕೂತಿದ್ದ. ಮಟಮಟ ಮಧ್ಯಾಹ್ನ. ಬಸ್ಸಿನ ಚಕ್ರಕ್ಕೆ ಸಿಕ್ಕಿ ಕಾಳು ಉದುರಲೆಂದು ಯಾರೋ ರಸ್ತೆಯ ಎಡಕ್ಕೆ ಹುರುಳಿ ಗಿಡ ಹಾಸಿದ್ದರು. ಸುತ್ತ ಒಂದು ನರಪಿಳ್ಳೆಯಿಲ್ಲ, ತೆಂಗಿನ ಗರಿಯೂ ಅಲುಗುತ್ತಿರಲಿಲ್ಲ. ಎದುರಿಗೆ ಲಾರಿಯೊಂದು ನುಗ್ಗಿ ಬಂತು. ಗಾಡಿಯನ್ನು ಹುರುಳಿಯ ಮೇಲೆ ಹತ್ತಿಸಿದೆ. ಹಿಂದಿನ ಚಕ್ರ ಜಾರಿತು.

“ಬ್ರೇಕ್ ಹಿಡೀಬ್ಯಾಡ ಕಣ್ಲಾ, ಬಿದ್ದೋಯ್ತೀಯ!”

ಹಿಡಿಯಲಿಲ್ಲ. ಗಾಡಿ ತಾನಾಗಿ ನಿಧಾನವಾಗಿ ನಿಂತಿತು.

“ಒಳ್ಳೆ ಟೈಮಿಗೆ ಹೇಳ್ದೆ ಕಣ್ಲಾ ಬಶೀರ,” ಎಂದೆ.

“ನಾನೆಲ್ಲಿ ಹೇಳ್ದೆ? ಕಣ್ಮುಚ್ಕಂಡು ದೇವ್ರನ್ನ ಕರೀತಿದ್ದೆ. ಅದು ಕೆಳಗಿಂದ ಬಂತು ಕಣ್ಲಾ!”

ಹಿಂದಕ್ಕೆ ನಡೆದು ನೋಡಿದೆವು. ಯಾರೋ ಈಗಷ್ಟೇ ಮಲಗಿ ಎದ್ದಂತೆ ಹುರುಳಿಯ ನಡುವೆ ಆಳುದ್ದದ ತಗ್ಗು. ಅಂಥ ಸುಡುಬಿಸಿಲಲ್ಲೂ ಕೈ ಇಟ್ಟರೆ ತಣ್ಣಗಿತ್ತು. ಎದೆ ಇರಬೇಕಾದ ಜಾಗದ ಮೇಲೇ ನನ್ನ ಚಕ್ರದ ಗುರುತು ಹಾದುಹೋಗಿತ್ತು.

ಬಶೀರ ಮತ್ತೆ ಗಾಡಿ ಹತ್ತಲು ಒಪ್ಪುತ್ತಿಲ್ಲ. ಮೈಲಿಗಲ್ಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಒಂದು ಸುಳ್ಳಿದೆ. ಲಾರಿ ಬರಲೇ ಇಲ್ಲ. ಬಶೀರನನ್ನು ಹೆದರಿಸಿ ನಗೋಣವೆಂದು ನಾನೇ ಗಾಡಿಯನ್ನು ಹುರುಳಿಯ ಮೇಲೆ ಹತ್ತಿಸಿದ್ದೆ.