ಉಳಿದವರ ಲೆಕ್ಕ

ಕಲ್ಯಾಣದಿಂದ ಠಾಣೆಗೆ ಹೋಗುವ ಲೋಕಲ್ ಡೊಂಬಿವಲಿಯಲ್ಲಿ ನಿಂತಾಗ ಕಿಟಕಿಯಿಂದ ಆ ವಾಸನೆ ಬಂತು. ಕೊಳೆತ ಮೊಟ್ಟೆಗೆ ಸುಟ್ಟ ರಬ್ಬರು ಬೆರೆತಂಥದ್ದು. ಎದುರಿನ ಹೆಂಗಸು ಮೂಗಿಗೆ ಸೆರಗು ಹಿಡಿದು “ಖಿಡಕೀ ಬಂದ್ ಕರಾ ನಾ” ಎಂದರು. ನಾನು ಕಿಟಕಿ ಮುಚ್ಚಲಿಲ್ಲ. ತೊಡೆಯ ಮೇಲೆ ಈ ತಿಂಗಳ ನಾಲ್ಕನೆಯ ಪುಸ್ತಕವಿತ್ತು. ಠಾಣೆ ಬರುವವರೆಗೆ ಪುಟ ತಿರುಗಿಸಲಾಗಲಿಲ್ಲ...

ಪ್ರತಿ ತಿಂಗಳ ಕೊನೆಗೆ ಓದಿ ಮುಗಿಸಿದ್ದರ ಬಗ್ಗೆ ಡೈರಿಯಲ್ಲಿ ಬರೆಯುವುದು ನನ್ನ ರೂಢಿ. ಈ ಸಲದ ಮೊದಲ ಪುಸ್ತಕ ಪ್ರವಾಸಕಥನ. ಲೇಖಕರಿಗೆ ಊರುಗಳಿಗಿಂತ ಊಟದ ಮೇಲೆ ಪ್ರೀತಿ ಹೆಚ್ಚು. ಎರಡನೆಯದು ಪತ್ತೇದಾರಿ, ಕಳ್ಳ ಯಾರೆಂದು ನನಗೆ ಬೇಗ ತಿಳಿಯಿತು, ಪತ್ತೇದಾರನಿಗೆ ತಡವಾಗಿ. ಮೂರನೆಯದರ ಸಣ್ಣ ಕತೆಗಳಲ್ಲಿ ಎರಡು ಬಹಳ ದಿನ ಉಳಿಯುತ್ತವೆ. ನಾಲ್ಕನೆಯದು ಬಾವಿ ತೋಡುವವರ ಕಾದಂಬರಿ. ಅದರಲ್ಲಿ ಮೂವರು ಸಾಯುತ್ತಾರೆ. ಸತ್ತವರನ್ನು ಎಣಿಸಿದ್ದೇಕೆಂದು ಯಾರಾದರೂ ಕೇಳಿದರೆ ಎದುರು ಖೋಲಿಯ ಅಕ್ಕನ ಬಗ್ಗೆ ಹೇಳಬೇಕಾಗುತ್ತದೆ.

ಆಗ ನಾವು ಡೊಂಬಿವಲಿಯ ಸಾಲು ಕೋಣೆಗಳ ಚಾಳಿನಲ್ಲಿದ್ದೆವು. ಅಪ್ಪ ಉಡುಪಿಯವರ ಹೋಟೆಲೊಂದರಲ್ಲಿ ಕ್ಯಾಷಿಯರ್. ಎದುರು ಖೋಲಿಗೆ ವಿಜಾಪುರದ ಕಡೆಯ ಗಂಡ ಹೆಂಡತಿ ಬಂದರು, ಜೊತೆಗೆ ಹಾಲು ಕುಡಿಯುವ ಕೂಸು. ಗಂಡನನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವರು ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಡ್ರಮ್ ಎತ್ತುತ್ತಿದ್ದರು. ಅಕ್ಕನಿಗೆ ಓದಲು ಬರುತ್ತಿರಲಿಲ್ಲ, ಕತೆಯ ಹುಚ್ಚು ಮಾತ್ರ ನನಗಿಂತ ಹೆಚ್ಚು. ನನ್ನ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ರಜೆಯಲ್ಲಿ ಅವರು ದಿನಾ ಮಧ್ಯಾಹ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಮ್ಮ ಮನೆಯಲ್ಲಿ ಕೂರುತ್ತಿದ್ದರು. ನಾನು ಗಟ್ಟಿಯಾಗಿ ಓದುತ್ತಿದ್ದೆ.

ಅವರದೊಂದು ಕರಾರಿತ್ತು.

“ತಂಗಿ, ಮೊದಲ ಕಡೀ ಹಾಳಿ ಓದು. ಯಾರ ಉಳೀತಾರ ನೋಡೂಣು.”

“ಅಕ್ಕಾ, ಮತ್ತೆ ಕತೆಯಲ್ಲಿ ಏನು ಮಜಾ ಉಳಿಯಿತು?”

“ಮಜಾ ನಿನಗಿರಲಿ. ಸಾಯೋರ ಪುಸ್ತಕ ನನಗ ಬ್ಯಾಡವ್ವ. ಅಂಜಾಕ ಕಂಪನಿ ಐತಲ್ಲ, ಪುಸ್ತಕ ಯಾಕ ಬೇಕು?”

ನಾಯಕ ಸಾಯುವ ಪುಸ್ತಕವನ್ನು ನಾವು ಶುರು ಮಾಡುತ್ತಲೇ ಇರಲಿಲ್ಲ. ತಿಂಗಳ ಕೊನೆಗೆ ನಾನು ಡೈರಿ ತೆಗೆದರೆ ಅವರು ಕೇಳುತ್ತಿದ್ದುದು ಒಂದೇ. “ಈ ತಿಂಗಳ ಎಷ್ಟ ಮಂದಿ ಉಳದರು?” ನಾನು ಎಣಿಸಿ ಹೇಳುತ್ತಿದ್ದೆ. ಅಮ್ಮ ಒಳಗಿನಿಂದ ನಗುತ್ತಿದ್ದರು. “ಇವರಿಬ್ಬರು ಪುಸ್ತಕ ಓದುದಲ್ಲ ಮಾರಾಯ್ರೆ, ಜನಗಣತಿ ಮಾಡುದು!”

ಒಂದು ದಿನ ಕನ್ನಡ ಸಂಘದ ಕಪಾಟಿನಿಂದ ತಂದ ಹೊಸ ಪುಸ್ತಕದ ಕೊನೆಯ ಪುಟವನ್ನು ಬೆಳಿಗ್ಗೆಯೇ ನೋಡಿಟ್ಟಿದ್ದೆ. ಅದೊಬ್ಬ ಅಂಬಿಗನ ಕತೆ. ಕೊನೆಯ ಪುಟದಲ್ಲಿ ಅವನು ಹೊಳೆಯಲ್ಲಿ ಮುಳುಗುತ್ತಾನೆ. ಅಕ್ಕನಿಗೆ ಆಗದ ಪುಸ್ತಕ, ಹಿಂದಿರುಗಿಸಬೇಕು ಎಂದುಕೊಂಡು ಮೇಜಿನ ಮೇಲೆ ಇಟ್ಟಿದ್ದೆ.

ಊಟವಾಗಿ ಸ್ವಲ್ಪ ಹೊತ್ತಿಗೆ ನೆಲ ಅದುರಿತು. ಆಮೇಲೆ ಸದ್ದು. ಗೂಡಿನ ಲೋಟಗಳು ಕೆಳಗೆ ಬಿದ್ದವು, ಕಿಟಕಿಯ ಒಂದು ಗಾಜು ಬಿರುಕು ಬಿಟ್ಟಿತು. ಚಾಳಿನವರೆಲ್ಲ ಪಡಸಾಲೆಗೆ ಓಡಿದರು. ಕಾರ್ಖಾನೆಗಳ ಕಡೆ ಹಳದಿ ಹೊಗೆ ಎದ್ದಿತ್ತು. ಅಣ್ಣನಿಗೆ ಅಂದು ಮೊದಲ ಪಾಳಿ, ಇನ್ನೂ ಬಂದಿರಲಿಲ್ಲ.

ಅಕ್ಕ ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದರು. ಅಳಲಿಲ್ಲ. “ಏನರ ಆದ್ರ ಹೊರಗ ಬರಬ್ಯಾಡ, ಕೂಸಿನ್ನ ಕರಕೊಂಡು ಬಾಗಲಾ ಹಾಕ್ಕೊಂಡು ಕುಂಡ್ರು ಅಂದಾರ ನಮ್ಮವ್ರು” ಎಂದು ಗೋಡೆಗೊರಗಿದರು. ಅಮ್ಮ ಮುಂಬಾಗಿಲ ಸಂದಿಗೆ ಒದ್ದೆ ಸೀರೆ ತುರುಕಿ, ಕಾರ್ಖಾನೆಗೆ ಫೋನ್ ಮಾಡಲು ಹಿಂದಿನ ದಾರಿಯಿಂದ ಪಿಸಿಓಗೆ ಹೋದರು. ವಾಸನೆ ಆಗಲೇ ಒಳಗೆ ಬಂದಿತ್ತು. ಕೂಸು ಕೆಮ್ಮಿದಾಗಲೆಲ್ಲ ನಾನು ಆ ಸೀರೆಯನ್ನು ಇನ್ನಷ್ಟು ಒಳಕ್ಕೆ ಒತ್ತುತ್ತಿದ್ದೆ.

“ಓದು ತಂಗಿ.”

“ಈಗಾ?”

“ಸುಮ್ಮ ಕುಂತರ ಕಿವ್ಯಾಗ ಅದ ಸಪ್ಪಳ ಬರತೈತಿ. ಓದು.” ಮೇಜಿನ ಮೇಲಿದ್ದ ಪುಸ್ತಕವನ್ನು ಅವರೇ ಎತ್ತಿ ನನ್ನ ಕೈಗಿಟ್ಟರು.

ಅಭ್ಯಾಸದಿಂದ ನನ್ನ ಬೆರಳು ಕೊನೆಯ ಪುಟಕ್ಕೆ ಹೋಯಿತು. ಅವರು ತಟ್ಟನೆ ಪುಸ್ತಕದ ಮೇಲೆ ಅಂಗೈ ಇಟ್ಟರು. “ಇವತ್ತ ಅದು ಬ್ಯಾಡ. ಮೊದಲಿಂದ ಓದು.”

ಓದತೊಡಗಿದೆ. ಹೊಳೆ, ದೋಣಿ, ಅಂಬಿಗನ ಮದುವೆ. ಪುಸ್ತಕ ತೆಳ್ಳಗಿತ್ತು. ಒಂದೊಂದು ಪುಟ ಮಗುಚಿದಾಗಲೂ ಬಲಗಡೆ ಉಳಿದ ಹಾಳೆಗಳು ಕಡಿಮೆಯಾಗುವುದು ಕಾಣುತ್ತಿತ್ತು. ಪುಸ್ತಕದಲ್ಲಿ ಅವನು ಸತ್ತರೆ ಇಲ್ಲಿ ಅಣ್ಣನೂ... ಎಂಬ ಭಯ ಹೇಗೋ ನನ್ನೊಳಗೆ ಹೊಕ್ಕಿತ್ತು. ಹುಚ್ಚು ಭಯವೆಂದು ಗೊತ್ತಿದ್ದರೂ ಹೋಗಲಿಲ್ಲ. ನಿಧಾನವಾಗಿ ಓದಿದೆ. ನೀರು ಕುಡಿಯಲು ಎದ್ದೆ. ಒಂದು ಪುಟವನ್ನು ಎರಡು ಸಲ ಓದಿದೆ.

“ಇದ ಆಗಲೇ ಓದಿದ್ಯಲ್ಲ” ಎಂದರು ಅಕ್ಕ. ನಾನು ಪುಟ ಮಗುಚಿದೆ. ಅವರು ನನ್ನ ಮುಖವನ್ನೇ ನೋಡಿದರು.

“ಅಂವ ಸಾಯ್ತಾನ, ಹೌದಲ್ಲ?”

ನನಗೆ ಅಳು ಬಂತು. ಅವರು ಕೂಸಿನ ಬೆನ್ನು ತಟ್ಟುತ್ತಲೇ ಇದ್ದರು. “ಅಳಬ್ಯಾಡ. ಅಂವ ಬ್ಯಾರೆ, ನಮ್ಮಂವ ಬ್ಯಾರೆ. ಓದು.”

ಅಂಬಿಗ ಮುಳುಗುವವರೆಗೂ ಓದಿದೆ. ಅಕ್ಕ ಕಣ್ಣು ಮುಚ್ಚದೆ ಕೇಳಿದರು. ಮುಗಿದ ಮೇಲೆ ಅವರೇ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. ಅಮ್ಮ ಹಿಂದಿರುಗಿ, ಯಾವ ಫೋನೂ ಹೋಗುವುದಿಲ್ಲ ಎಂದರು.

ಸಂಜೆಗೆ ಅಣ್ಣ ಬಂದರು. ಕಾಲಲ್ಲಿ ಒಂದೇ ಚಪ್ಪಲಿ, ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ಹಳಿಯ ಗುಂಟ ನಡೆದು ಬಂದಿದ್ದರು. ಅಕ್ಕ ಎದ್ದು ಅವರ ತೋಳು, ಭುಜ, ಕಿವಿ ಎಲ್ಲ ಮುಟ್ಟಿ ನೋಡಿದರು. ಆಮೇಲೆ ಕೇಳಿದರು:

“ನಿಮ್ಮ ಜೋಡೀದಾರ?”

“ನಾ ಚಾ ತರಾಕ ಗೇಟಿಗೆ ಹೋಗಿದ್ನಿ. ಅಂವ ಒಳಗಿದ್ದ.”

ಅಣ್ಣನ ಜೊತೆ ಡ್ರಮ್ ಎತ್ತುತ್ತಿದ್ದ ಆ ಜೋಡೀದಾರ ಹಿಂದಿನ ಭಾನುವಾರವಷ್ಟೇ ಬಂದು, ಕೂಸನ್ನು ಮೇಲಕ್ಕೆ ಹಾರಿಸಿ ಹಿಡಿದು ನಗಿಸಿ ಹೋಗಿದ್ದರು.

ಆ ತಿಂಗಳ ಕೊನೆಗೆ ನಾನು ಡೈರಿ ತೆಗೆದಾಗ ಅಕ್ಕ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮಳೆಗಾಲಕ್ಕೆ ಮೊದಲೇ ಅವರು ಖೋಲಿ ಖಾಲಿ ಮಾಡಿದರು.

“ಘಣಸೋಲಿಗೆ ಹೊಂಟೀವಿ. ಬಿಲ್ಡಿಂಗ್ ಕೆಲಸ. ಹೊಗಿ ಇಲ್ಲ, ಡ್ರಮ್ಮಿಲ್ಲ, ಬರೇ ಗಾಳಿ ಅಂತ!” ಆ ದಿನದ ಮೇಲೆ ಮೊದಲ ಸಲ ಅವರ ದನಿ ಹಗುರಾಗಿತ್ತು.

“ಎಷ್ಟು ಮಾಳಿಗೆ ಅಕ್ಕಾ?”

“ಏಳಂತ” ಎಂದವರು ತಡೆದರು. ಅಷ್ಟು ಎತ್ತರದಲ್ಲಿ ಕಾಲು ಜಾರಿದರೆ ಎಂದು ನಾವಿಬ್ಬರೂ ಒಮ್ಮೆಗೇ ಯೋಚಿಸಿದೆವು ಎಂದು ಕಾಣುತ್ತದೆ. ಅಕ್ಕ ಕೂಸಿನ ಕುಲಾವಿ ಸರಿಮಾಡಿ ಹೊರಟರು. ವಿಳಾಸ ಕೊಡಲು ಅವರಿಗೇ ಗೊತ್ತಿರಲಿಲ್ಲ.

ಆರು ವರ್ಷವಾಯಿತು. ನಾವು ಕಲ್ಯಾಣಕ್ಕೆ ಬಂದೆವು, ನನಗೆ ಠಾಣೆಯ ನೌಪಾಡಾದಲ್ಲಿ ಕೆಲಸ ಸಿಕ್ಕಿತು. ಮೊನ್ನೆ ಆ ವಾಸನೆ ಬಂದ ಮೇಲೆ ಮನಸ್ಸು ತಡೆಯದೆ, ಶನಿವಾರ ಆಫೀಸು ಮುಗಿಸಿ ಠಾಣೆಯಿಂದ ಘಣಸೋಲಿಯ ಬಸ್ಸು ಹತ್ತಿದೆ. ಕಟ್ಟಿ ಮುಗಿದ ಬಿಲ್ಡಿಂಗುಗಳ ಕಿಟಕಿಗಳಿಗೆ ಪರದೆ ಬಂದಿದೆ. ವಾಚ್‌ಮನ್‌ನನ್ನು ಅವುಗಳನ್ನು ಕಟ್ಟಿದವರ ಬಗ್ಗೆ ಕೇಳಿದರೆ “ಓ ಲೋಗ್ ಕಬ್ ಕೇ ಗಯೇ” ಎಂದ. ಎಲ್ಲಿಗೆ ಹೋದರು ಎಂದರೆ ಕೈ ಬೀಸಿದ; ಆ ಕೈ ಯಾವ ದಿಕ್ಕನ್ನೂ ತೋರಿಸಲಿಲ್ಲ.

ಸ್ವಲ್ಪ ಮುಂದೆ ಇನ್ನೊಂದು ಬಿಲ್ಡಿಂಗ್ ಏಳುತ್ತಿತ್ತು. ಎತ್ತರದಲ್ಲಿ, ಬಿದಿರಿನ ಕಂಬಗಳ ಮೇಲೆ ಬರಿಗಾಲಿನ ಗಂಡಸರು ಸಿಮೆಂಟಿನ ಬುಟ್ಟಿ ದಾಟಿಸುತ್ತಿದ್ದರು. ಅವರ ಕೂಗಿನಲ್ಲಿ ವಿಜಾಪುರದ ಕನ್ನಡವೂ ಇತ್ತು. ಕೆಳಗಿನಿಂದ ಯಾರ ಮುಖವೂ ಸ್ಪಷ್ಟವಿಲ್ಲ. ಬಸ್ಸು ಬಂದು ಹೋಯಿತು, ಇನ್ನೊಂದೂ ಹೋಯಿತು. ಕೆಲಸ ಮುಗಿದು ಅವರು ಒಬ್ಬೊಬ್ಬರಾಗಿ ಇಳಿಯತೊಡಗಿದಾಗ ಪ್ರತಿಯೊಬ್ಬರ ಮುಖ ನೋಡಿದೆ. ಅವರಲ್ಲಿ ಅಣ್ಣ ಇರಲಿಲ್ಲ. ಆದರೂ ಕೊನೆಯವನ ಕಾಲು ನೆಲ ಮುಟ್ಟುವವರೆಗೆ ನನಗೆ ಅಲ್ಲಿಂದ ಕದಲಲಾಗಲಿಲ್ಲ.